ಗಾಜಿನ ಈಚೆಯ ಕುರ್ಚಿ

ಕಾಮೋಠೆ
8 ಜೂನ್ 2008

ಪ್ರೀತಿಯ ಮಾಮಿಗೆ,

ನಿಮ್ಮ ಸೊಸೆ ಪ್ರೇಕ್ಷಾ ಮಾಡುವ ನಮಸ್ಕಾರ. ಫೋನ್ ಬಿಟ್ಟು ಕಾಗದ ಹಿಡಿದದ್ದಕ್ಕೆ ಕಾರಣ ನಿಮ್ಮ ಕಿವಿ. ಹೋದ ಭಾನುವಾರ ಲತೇಶ್ ಈ ಸುದ್ದಿಯನ್ನು ಫೋನಿನಲ್ಲಿ ಮೂರು ಸಲ ಕೂಗಿ ಹೇಳಿದರು. ಕೆಳಗಿನ ಮಹಡಿಯ ಸೋನಾಲಿ ಮೆಟ್ಟಿಲು ಹತ್ತಿ ಬಂದು "ಬಧಾಯಿ ಹೋ ಭಾಭಿ" ಎಂದು ಪೇಡೆ ಕೊಟ್ಟು ಹೋದಳು. ನೀವು ಮಾತ್ರ ಆ ಕಡೆಯಿಂದ "ಇಲ್ಲಿಯೂ ಮಳೆ ಶುರುವಾಯಿತು" ಎಂದಿರಿ.

ಆದ್ದರಿಂದ ಶಾಯಿಯಲ್ಲಿ ಹೇಳುತ್ತಿದ್ದೇನೆ. ನಿಮ್ಮ ಮಗ ಅಪ್ಪನಾಗುತ್ತಾರೆ. ಈಗ ಹತ್ತು ವಾರ. ಡಾಕ್ಟರು ಕೊಟ್ಟ ತಾರೀಕು ಜನವರಿ ನಾಲ್ಕು.

ನೀವು ಮುಂದೆ ಏನು ಕೇಳುತ್ತೀರಿ ಎಂದು ಗೊತ್ತು. ಮದುವೆಯ ಮಾತುಕತೆಯಲ್ಲಿ "ಎಕ್ಸ್‌ರೇ ಕೆಲಸದ ಹುಡುಗಿಯಾ?" ಎಂದು ಎರಡು ಸಲ ಕೇಳಿದವರು ನೀವು. ನನ್ನದು ಎಕ್ಸ್‌ರೇ ಅಲ್ಲ ಮಾಮಿ, ಎಂಆರ್‌ಐ. ಅದರಲ್ಲಿ ಆ ಕಿರಣವೇ ಇಲ್ಲ. ಇರುವುದು ಒಂದು ಕೋಣೆ ತುಂಬುವಷ್ಟು ದೊಡ್ಡ ಅಯಸ್ಕಾಂತ, ಅದರ ನಡುವೆ ಮನುಷ್ಯ ಮಲಗುವಷ್ಟು ಸುರಂಗ. ತಲೆಯೊಳಗೆ, ಬೆನ್ನೊಳಗೆ ಏನಾಗಿದೆ ಎಂದು ಕೊಯ್ಯದೆ ತೋರಿಸುತ್ತದೆ. ಅದಕ್ಕೆ ಇರುವ ಒಂದೇ ಕೆಟ್ಟ ಬುದ್ಧಿ ಎಂದರೆ ಕಬ್ಬಿಣ ಕಂಡರೆ ಬಿಡುವುದಿಲ್ಲ. ಹೋದ ವರ್ಷ ಯಾರೋ ಒಳಗೆ ತಂದ ಸ್ಟೂಲು ನೆಲದಿಂದ ಎದ್ದು ಹಾರಿ ಅದಕ್ಕೆ ಅಂಟಿಕೊಂಡಿತು. ಬಿಡಿಸಲು ನಾಲ್ಕು ಜನ ಬೇಕಾಯಿತು. ಹಾಗಾಗಿ ನಾನು ಬಾಗಿಲಲ್ಲಿ ನಿಂತು ಪ್ರತಿಯೊಬ್ಬ ರೋಗಿಯನ್ನೂ ಕೇಳುತ್ತೇನೆ: ಮೈಮೇಲೆ ಕಬ್ಬಿಣ ಇದೆಯಾ, ಪಿನ್ನು, ಚಾವಿ, ತಾಯಿತ ಇದೆಯಾ? ಮರಾಠಿ, ಹಿಂದಿ, ಕನ್ನಡ, ತುಳು, ನಾಲ್ಕರಲ್ಲೂ ಕೇಳುತ್ತೇನೆ. ಆಮೇಲೆ ನಾನೇ ಒಳಗೆ ಕರೆದೊಯ್ದು ಮಲಗಿಸುತ್ತೇನೆ. ವಾಶಿಯ ನಮ್ಮ ಸೆಂಟರಿನಲ್ಲಿ ನನ್ನಷ್ಟು ಜೋರಾಗಿ ಕೇಳುವವರು ಯಾರೂ ಇಲ್ಲ.

ವಾಂತಿ ಸ್ವಲ್ಪ ಇದೆ. ಉಪ್ಪಿನಕಾಯಿ ಮುಗಿದಿದೆ. ಈ ಎರಡು ವಾಕ್ಯಗಳಿಗೂ ಸಂಬಂಧ ಉಂಟು.

ನಿಮ್ಮ
ಪ್ರೇಕ್ಷಾ


ಹಿರಿಯಡ್ಕ
17 ಜೂನ್ 2008

ಚಿ. ಸೌ. ಪ್ರೇಕ್ಷಾಳಿಗೆ,

ಆಶೀರ್ವಾದ. ಕಾಗದವನ್ನು ಜಯಶೀಲಳಿಗೂ ಓದಿ ಹೇಳಿದೆ. ತಮ್ಮನಿಗೆ ಮಗುವಾಗುತ್ತದೆ ಎಂದು ಅವಳು ಅಂಗಡಿ ಬಾಗಿಲು ಹಾಕಿ, ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ, ಪಾಯಸ ಮಾಡಿದಳು. ಇಬ್ಬರೂ ಎರಡೆರಡು ಲೋಟ ಕುಡಿದೆವು. ಖುಷಿಯ ಮಾತು ಮುಗಿಯಿತು. ಈಗ ಕೆಲಸದ ಮಾತು.

ನಾನು ಮೂವತ್ತಾರು ವರ್ಷ ಸರಕಾರಿ ಸೂಲಗಿತ್ತಿ. ಸಾವಿರದ ಇನ್ನೂರಕ್ಕಿಂತ ಹೆಚ್ಚು ಮಕ್ಕಳನ್ನು ಈ ಕೈಯಲ್ಲಿ ಹಿಡಿದಿದ್ದೇನೆ. ಬಸಿರಿಯರಿಗೆ ಕಬ್ಬಿಣಾಂಶದ ಗುಳಿಗೆ ಹಂಚಿ ಹಂಚಿ ನನ್ನ ಚೀಲವೇ ಆ ಬಣ್ಣಕ್ಕೆ ತಿರುಗಿತ್ತು. ಗುಳಿಗೆ ಏಕೆ ಕೊಡುತ್ತಿದ್ದೆ? ರಕ್ತದಲ್ಲಿ ಕಬ್ಬಿಣ ಇರಬೇಕು ಎಂದು. ಈಗ ನೀನೇ ಬರೆದಿದ್ದೀ, ಆ ಯಂತ್ರ ಕಬ್ಬಿಣ ಕಂಡರೆ ಬಿಡುವುದಿಲ್ಲ ಎಂದು. ಸ್ಟೂಲನ್ನೇ ಎಳೆಯುವುದು ಮಗುವಿನ ರಕ್ತವನ್ನು ಬಿಟ್ಟೀತೇ? ನಿನ್ನ ರಕ್ತದ ಕಬ್ಬಿಣ ಎತ್ತ ಹೋಗುತ್ತದೆ, ಮಗುವಿನದು ಎತ್ತ ಹೋಗುತ್ತದೆ ಎಂದು ಯೋಚಿಸಿದ್ದೀಯಾ ಮಾರಾಯ್ತಿ?

ಕೆಲಸ ಬಿಡು. ಬಿಡಲಾಗದಿದ್ದರೆ ರಜೆ ಹಾಕು. ಅದೂ ಆಗದಿದ್ದರೆ ಒಂದೇ ಮಾತಿನಲ್ಲಿ ಉತ್ತರಿಸು: ನೀನು ಆ ಕೋಣೆಯೊಳಗೆ ಹೋಗುತ್ತೀಯಾ, ಇಲ್ಲವಾ?

ಉಪ್ಪಿನಕಾಯಿ ಕಳಿಸುತ್ತೇನೆ. ಉತ್ತರ ಮೊದಲು ಬರಲಿ.

ಸುಂದರಿ


ಕಾಮೋಠೆ
29 ಜೂನ್ 2008

ಪ್ರೀತಿಯ ಮಾಮಿ,

ನಿಮ್ಮ ಕಾಗದವನ್ನು ನಮ್ಮ ದೊಡ್ಡ ಡಾಕ್ಟರು ರಘುಪತಿಯವರಿಗೆ ಓದಿ ಹೇಳಿದೆ. ಅವರು ಮೈಸೂರಿನವರು, ಸುಲಭಕ್ಕೆ ನಗುವವರಲ್ಲ. ನಕ್ಕರು. ಆಮೇಲೆ "ಪ್ರಶ್ನೆ ಮಾತ್ರ ತುಂಬಾ ಚೆನ್ನಾಗಿದೆ ಕಣಮ್ಮ, ನನ್ನ ಸ್ಟೂಡೆಂಟ್ಸೇ ಇದನ್ನ ಕೇಳಲ್ಲ" ಎಂದರು.

ಉತ್ತರ ಇದು. ರಕ್ತದ ಕಬ್ಬಿಣ ಮೊಳೆಯ ಕಬ್ಬಿಣದಂತೆ ಗಟ್ಟಿಯಾಗಿ ಒಂದು ಕಡೆ ಕೂತಿರುವುದಿಲ್ಲ. ರಕ್ತದೊಳಗೆ ಬೇರೆಯದರ ಜೊತೆ ಬೆರೆತು ಹೋಗಿರುತ್ತದೆ, ಅಯಸ್ಕಾಂತ ಅದನ್ನು ಎಳೆದೊಯ್ಯಲಾರದು. ಎಳೆಯುವುದಾಗಿದ್ದರೆ ದಿನಕ್ಕೆ ಹದಿನಾಲ್ಕು ರೋಗಿಗಳು ನಮ್ಮ ಗೋಡೆಗೆ ಅಂಟಿಕೊಂಡಿರಬೇಕಿತ್ತು. ಎಲ್ಲರೂ ಎದ್ದು ಚಪ್ಪಲಿ ಹುಡುಕಿಕೊಂಡು ಮನೆಗೆ ಹೋಗುತ್ತಾರೆ. ತೀರಾ ಅಗತ್ಯ ಬಿದ್ದರೆ ಬಸಿರಿಯರನ್ನೇ ಒಳಗೆ ಮಲಗಿಸಿ ಚಿತ್ರ ತೆಗೆಯುತ್ತೇವೆ. ಚಿತ್ರ ಸ್ಪಷ್ಟವಾಗಲು ಬೇರೆಯವರಿಗೆ ಕೊಡುವ ಬಣ್ಣದ ಇಂಜೆಕ್ಷನ್ ಒಂದನ್ನು ಮಾತ್ರ ಅವರಿಗೆ ಕೊಡುವುದಿಲ್ಲ. ಇಷ್ಟು ವರ್ಷಗಳಲ್ಲಿ ಅಯಸ್ಕಾಂತದಿಂದ ಹೊಟ್ಟೆಯ ಮಗುವಿಗೆ ಕೇಡಾಯಿತು ಎಂದು ಯಾರೂ ತೋರಿಸಿಕೊಟ್ಟಿಲ್ಲ. ಇನ್ನೂ ಹುಡುಕುತ್ತಲೇ ಇದ್ದಾರೆ, ಹುಡುಕಲಿ. ನಮ್ಮಂಥ ಕೆಲಸದವರಿಗೆ ಇರುವ ನಿಯಮ ಇಷ್ಟೇ: ಒಳಗೆ ಹೋಗಿ ರೋಗಿಯನ್ನು ಮಲಗಿಸಿ ಬರಬಹುದು, ಯಂತ್ರ ತಟತಟ ಸದ್ದು ಮಾಡುತ್ತಾ ಚಿತ್ರ ತೆಗೆಯುವಾಗ ಒಳಗೆ ನಿಲ್ಲಬಾರದು.

ಇಷ್ಟು ಹೇಳಿದರೂ ನಿಮಗೆ ನಿದ್ದೆ ಬರುವುದಿಲ್ಲ ಎಂದು ಗೊತ್ತು. ಹಾಗಾಗಿ ಒಂದೇ ಮಾತಿನ ಉತ್ತರ: ಇಲ್ಲ. ನಾನೀಗ ಒಳಗೆ ಹೋಗುವುದೇ ಇಲ್ಲ. ದಪ್ಪ ಗಾಜಿನ ಈಚೆ ನನ್ನ ಕುರ್ಚಿ ಇದೆ, ಅಲ್ಲಿಂದಲೇ ಕೆಲಸ. ಒಳಗೆ ಮಲಗಿಸುವುದನ್ನೆಲ್ಲ ನಮ್ಮ ಅಟೆಂಡೆಂಟ್ ವಾಸು ಅಣ್ಣ ನೋಡಿಕೊಳ್ಳುತ್ತಾರೆ.

ಉಪ್ಪಿನಕಾಯಿ ಎಲ್ಲಿ?

ಪ್ರೇಕ್ಷಾ


ಹಿರಿಯಡ್ಕ
24 ಆಗಸ್ಟ್ 2008

ಚಿ. ಪ್ರೇಕ್ಷಾಳಿಗೆ,

ಗಾಜಿನ ಈಚೆ ಕುರ್ಚಿ ಎಂದು ಓದಿದ ಮೇಲೆ ನನ್ನ ರಕ್ತದೊತ್ತಡ ಇಳಿದಿದೆ. ನಾನೇ ಅಳೆದು ನೋಡಿದೆ. ನಿನ್ನ ಡಾಕ್ಟರಿಗೆ ನನ್ನ ನಮಸ್ಕಾರ ಹೇಳು. ಅವರು ಹೇಳಿದ ರಕ್ತದ ಮಾತನ್ನು ನಾನು ಪೂರ್ತಿ ಒಪ್ಪಿಲ್ಲ ಎಂಬುದನ್ನೂ ಹೇಳು.

ಡೊಂಬಿವಲಿಯ ಹೋಟೆಲಿನ ದೇವದಾಸಣ್ಣ ಊರಿಗೆ ಬಂದವರು ಮತ್ಸ್ಯಗಂಧ ರೈಲಿನಲ್ಲಿ ವಾಪಸು ಹೊರಟಿದ್ದಾರೆ. ಅವರ ಕೈಯಲ್ಲಿ ಒಂದು ಚೀಲ ಕೊಟ್ಟಿದ್ದೇನೆ. ಮಿಡಿ ಉಪ್ಪಿನಕಾಯಿ ಎರಡು ಭರಣಿ. ಜಯಶೀಲ ಹೊಲಿದ ಸಡಿಲ ಅಂಗಿ ಮೂರು. ಒಂದು ನಡುಪಟ್ಟಿಯೂ ಉಂಟು, ಹಳೆಯ ಮೆತ್ತಗಿನ ಬಟ್ಟೆಯದು. ಐದು ತುಂಬಿದ ಮೇಲೆ ಸೊಂಟ ನೋಯುತ್ತದೆ, ಆಗ ಹೊಟ್ಟೆಯ ಕೆಳಗಿನಿಂದ ಹಾದು ಬರುವಂತೆ ಕಟ್ಟಿಕೋ. ಬಿಗಿ ಬೇಡ. ಒಗೆಯುವಾಗ ಜೋರಾಗಿ ಹಿಂಡಬೇಡ. ಹೊಲಿಗೆ ಬಿಚ್ಚಬೇಡ. ಹೆರಿಗೆ ಆಗುವವರೆಗೆ ಮೈಮೇಲೆ ಇರಲಿ.

ಏಳನೆಯ ತಿಂಗಳಲ್ಲಿ ಬಯಕೆ ಶಾಸ್ತ್ರ ಮಾಡಬೇಕು. ನನಗೆ ಅಷ್ಟು ಹೊತ್ತಿಗೆ ಬರಲಾಗುವುದಿಲ್ಲ. ಎಡಗಣ್ಣಿನ ಪೊರೆ ತೆಗೆಸುವುದಕ್ಕೆ ಆಸ್ಪತ್ರೆಯವರು ಆಗಲೇ ದಿನ ಕೊಟ್ಟಿದ್ದಾರೆ. ಹೂವು ಮುಡಿಸುವ ಕೆಲಸ ನಿನ್ನ ಅಮ್ಮನೇ ಮಾಡಲಿ.

ಸುಂದರಿ


ಕಾಮೋಠೆ
7 ಸೆಪ್ಟೆಂಬರ್ 2008

ಪ್ರೀತಿಯ ಮಾಮಿ,

ದೇವದಾಸ್ ಮಾಮ ಡೊಂಬಿವಲಿಯಿಂದ ಠಾಣೆಗೆ ಬಂದು, ಅಲ್ಲಿ ಗಾಡಿ ಬದಲಿಸಿ ವಾಶಿಗೆ ಬಂದು, ಸೆಂಟರಿನ ಬಾಗಿಲಿಗೇ ಚೀಲ ತಲುಪಿಸಿದರು. ಭರಣಿಗಳನ್ನು ಮಡಿಲಲ್ಲಿ ಮಗುವಿನಂತೆ ಇಟ್ಟುಕೊಂಡು ಬಂದಿದ್ದರು. ಒಂದು ಭರಣಿಯ ಬಾಯಿ ಅಲ್ಲೇ ತೆಗೆದೆವು. ವಾಸು ಅಣ್ಣ ಇನ್ನೂ ಅದರ ಮಾತೇ ಆಡುತ್ತಿದ್ದಾರೆ.

ಪಟ್ಟಿ ಬಹಳ ಹಿತವಾಗಿದೆ. ಮನೆಯಲ್ಲಿ ಇರುವಷ್ಟು ಹೊತ್ತು ಕಟ್ಟಿಕೊಂಡಿರುತ್ತೇನೆ. ಒಂದು ಬದಿಗೆ ಮಡಿಕೆಯೊಳಗೆ ಬೆರಳಿಗೆ ಏನೋ ಗಟ್ಟಿಯಾಗಿ ತಗಲುತ್ತದೆ. ದೇವಸ್ಥಾನದ ಗಂಧದ ಉಂಡೆ ಇಟ್ಟು ಹೊಲಿಸಿದ್ದೀರಿ ಅಲ್ಲವೇ? ನನ್ನ ಅಮ್ಮನೂ ಪರೀಕ್ಷೆಯ ದಿನ ನನ್ನ ಕಂಪಾಸ್ ಪೆಟ್ಟಿಗೆಯಲ್ಲಿ ಹಾಗೇ ಬಚ್ಚಿಡುತ್ತಿದ್ದಳು. ಇರಲಿ ಬಿಡಿ, ಬಿಚ್ಚುವುದಿಲ್ಲ.

ಸೋನೋಗ್ರಫಿ ಆಯಿತು. ಹೃದಯದ ನಾಲ್ಕು ಕೋಣೆ, ಬೆನ್ನು, ಕೈಕಾಲು ಎಲ್ಲ ಸರಿಯಾಗಿದೆ. ರೈಲಿನ ಹೆಂಗಸರ ಡಬ್ಬಿಯಲ್ಲಿ ನನಗೀಗ ಕಿಟಕಿಯ ಸೀಟು. ಕೊಡದವರನ್ನು ಬೇರೆಯವರೇ ಬೈದು ಎಬ್ಬಿಸುತ್ತಾರೆ. ನಾನು ಬಾಯಿ ತೆರೆಯಬೇಕಾಗಿಯೇ ಬಂದಿಲ್ಲ.

ಪ್ರೇಕ್ಷಾ


ಹಿರಿಯಡ್ಕ
18 ಸೆಪ್ಟೆಂಬರ್ 2008

ಚಿ. ಪ್ರೇಕ್ಷಾಳಿಗೆ,

ನೀನು ಪ್ರಸಾದ ಎಂದುಕೊಂಡರೆ ಪ್ರಸಾದವೇ. ಕಟ್ಟಿಕೊಂಡಿರು. ಮನೆಯಲ್ಲಿ ಮಾತ್ರ ಏಕೆ, ರೈಲಿನಲ್ಲಿ ಅಷ್ಟು ಜನರ ಕಣ್ಣು ಬೀಳುತ್ತದೆ, ಕೆಲಸಕ್ಕೆ ಹೋಗುವಾಗಲೂ ಕಟ್ಟಿಕೋ.

ಗಾಜಿನ ಈಚೆಯೇ ಕೂರುತ್ತಿದ್ದೀಯಷ್ಟೇ?

ಸುಂದರಿ


ಕಾಮೋಠೆ
14 ಅಕ್ಟೋಬರ್ 2008

ಮಾಮಿ,

ನಾನೂ ಮಗುವೂ ಚೆನ್ನಾಗಿದ್ದೇವೆ. ಅದನ್ನು ಮೊದಲು ಓದಿ.

ಪಟ್ಟಿಯೊಳಗೆ ಇದ್ದದ್ದು ಗಂಧದ ಉಂಡೆಯಲ್ಲ, ಕಬ್ಬಿಣ. ಅಡಿಕೆ ಹೋಳಿನಷ್ಟು ದೊಡ್ಡದು. ನನ್ನ ಕೆಲಸ ಏನೆಂದು ಗೊತ್ತಿದ್ದೂ ಅದನ್ನು ಏಕೆ ಇಟ್ಟಿರಿ? ಇಟ್ಟದ್ದು ಇರಲಿ, ನಾನು ಗಂಧವೇ ಎಂದು ಕೇಳಿದಾಗಲಾದರೂ ಏಕೆ ಹೇಳಲಿಲ್ಲ?

ಪ್ರೇಕ್ಷಾ


ಹಿರಿಯಡ್ಕ
22 ಅಕ್ಟೋಬರ್ 2008

ಪ್ರೇಕ್ಷಾ,

ನಿನ್ನ ಕಾಗದ ಬಂತು. ಏನಾಯಿತು ಎಂದು ನೀನು ಬರೆದಿಲ್ಲ. ಲತೇಶನಿಗೆ ಫೋನ್ ಮಾಡಿಸಿದೆ. ಏನೂ ಆಗಿಲ್ಲ ಎಂದನಂತೆ. ಅವನ ಮಾತು ನಂಬುವಷ್ಟು ದಡ್ಡಿಯಲ್ಲ ನಾನು.

ಕಬ್ಬಿಣ ಇಟ್ಟದ್ದು ನಾನೇ. ಜಯಶೀಲಳದ್ದು ಹೊಲಿಗೆ ಮಾತ್ರ. ಬಸಿರಿಯ ಮೈಮೇಲೆ ಒಂದು ಚೂರು ಕಬ್ಬಿಣ ಇರಬೇಕು, ದೃಷ್ಟಿ ತಾಗಬಾರದು, ಕೆಟ್ಟದ್ದು ಹತ್ತಿರ ಸುಳಿಯಬಾರದು. ಈ ಮನೆಯ ಎಲ್ಲ ಹೆಂಗಸರೂ ಕಟ್ಟಿಕೊಂಡದ್ದೇ. ಹೇಳಿದ್ದರೆ ನೀನು ನಗುತ್ತಿದ್ದೆ, ನಕ್ಕು ತೆಗೆದಿಡುತ್ತಿದ್ದೆ. ಕಬ್ಬಿಣ ಬೇಡವೆಂದ ಸೊಸೆ ಈ ಮನೆಯಲ್ಲಿ ನೀನು ಮೊದಲನೆಯವಳಾಗುತ್ತಿರಲಿಲ್ಲ.

ಆ ಯಂತ್ರಕ್ಕೂ ಕಬ್ಬಿಣಕ್ಕೂ ಆಗದು ಎಂದು ನನಗೆ ನೆನಪಿತ್ತು. ಸ್ಟೂಲಿನ ಕಥೆ ಮರೆಯುವಂಥದ್ದೇ? ಆದರೆ ನೀನು ಒಳಗೆ ಹೋಗುವುದೇ ಇಲ್ಲವೆಂದು ಬರೆದಿದ್ದೆಯಲ್ಲ. ಗಾಜಿನ ಈಚೆ ಕುರ್ಚಿ ಎಂದು ಬರೆದಿದ್ದೆಯಲ್ಲ. ಅದನ್ನು ನಂಬಿಯೇ ಇಟ್ಟೆ. ಹೊಲಿಗೆ ಬಿಚ್ಚುವುದಿಲ್ಲ ಎಂದವಳು ನೀನು, ಅದನ್ನು ಹೊರಗೆಳೆದದ್ದು ಆ ಯಂತ್ರವೇ ಇರಬೇಕು. ಈಗ ನೀನು ಹೇಳು. ಕುರ್ಚಿಯಲ್ಲಿ ಕೂತವಳ ಕಬ್ಬಿಣ ಆ ಕೋಣೆಯೊಳಗೆ ಹೋದದ್ದು ಹೇಗೆ?

ಸುಂದರಿ


ಕಾಮೋಠೆ
2 ನವೆಂಬರ್ 2008

ಪ್ರೀತಿಯ ಮಾಮಿ,

ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು.

ನಾನು ಸುಳ್ಳು ಬರೆದಿದ್ದೆ. ಒಂದು ದಿನವೂ ನಾನು ಒಳಗೆ ಹೋಗುವುದನ್ನು ಬಿಟ್ಟಿರಲಿಲ್ಲ. ನಿಯಮ ಬಿಡುತ್ತದೆ, ಮಗುವಿಗೆ ಕೇಡಿಲ್ಲ ಎಂದು ನನಗೆ ಖಾತ್ರಿಯಿತ್ತು, ಈಗಲೂ ಇದೆ. ಹಾಗಿದ್ದ ಮೇಲೆ ನಿಮಗೂ ಅದನ್ನೇ ಬರೆಯಬೇಕಿತ್ತು. ನಿಮ್ಮೊಡನೆ ವಾದ ಮಾಡಿ ಗೆಲ್ಲಲಾಗುವುದಿಲ್ಲ ಎಂದು ಸುಲಭದ ದಾರಿ ಹಿಡಿದೆ.

ಅಕ್ಟೋಬರ್ ಹತ್ತರಂದು ಸೊಂಟ ಬಹಳ ನೋಯುತ್ತಿತ್ತು. ನೀವು ಹೇಳಿದಂತೆ ಮೊದಲ ಸಲ ಪಟ್ಟಿ ಕಟ್ಟಿಕೊಂಡು ಕೆಲಸಕ್ಕೆ ಹೋದೆ. ಮೇಲೆ ಬಿಳಿ ಕೋಟು, ಗುಂಡಿ ಹಾಕಲು ಹೊಟ್ಟೆ ಬಿಡುತ್ತಿರಲಿಲ್ಲ. ಹನ್ನೊಂದು ಗಂಟೆಯ ರೋಗಿ ಶರಣಬಸಮ್ಮ ಎಂಬವರು, ಕಲಬುರ್ಗಿ ಕಡೆಯವರು. ತುರ್ಭೆಯಲ್ಲಿ ಮನೆ, ವಾಶಿಯ ಮಾರ್ಕೆಟ್ಟಿನಲ್ಲಿ ಈರುಳ್ಳಿ ಆರಿಸುವ ಕೆಲಸ. ಆರು ತಿಂಗಳಿನಿಂದ ತಲೆನೋವು. ಬಾಗಿಲಲ್ಲಿ ಅವರನ್ನು ಎಂದಿನ ಜೋರಿನಲ್ಲೇ ಕೇಳಿದೆ. ಹೇರ್‌ಪಿನ್ನು ತೆಗೆಸಿದೆ, ಸೆರಗಿನ ಪಿನ್ನು ತೆಗೆಸಿದೆ, ಕಾಲುಂಗುರ ಸೋಪು ಹಚ್ಚಿ ತೆಗೆಸಿದೆ. ಆಮೇಲೆ ಒಳಗೆ ಕರೆದೊಯ್ದು ಮಲಗಿಸಿ, ಸುರಂಗದ ಬಾಯಲ್ಲಿ ಅವರ ತಲೆ ಸರಿಪಡಿಸಲು ಬಗ್ಗಿದೆ.

ಯಾರೋ ಪಟ್ಟಿ ಹಿಡಿದು ಎಳೆದಂತಾಯಿತು. ಎರಡು ಹೆಜ್ಜೆ ಹಿಂದೆ ಸರಿಯಬೇಕಿತ್ತು. ಏನೆಂದು ಹೊಳೆಯುವಷ್ಟರಲ್ಲಿ ಹಳೆಯ ಬಟ್ಟೆಯ ಹೊಲಿಗೆ ಬಿಟ್ಟು, ಆ ಚೂರು ಹಾರಿ, ಶರಣಬಸಮ್ಮನವರ ಹುಬ್ಬಿನ ಮೇಲೆ ಬಡಿದು, ಸುರಂಗದ ಒಳಗೋಡೆಗೆ ಅಂಟಿಕೊಂಡಿತು. ರಕ್ತ ಬಂತು. ಎರಡು ಹೊಲಿಗೆ ಬಿತ್ತು. ಒಂದು ಬೆರಳಿನಷ್ಟು ಕೆಳಗೆ ಬಿದ್ದಿದ್ದರೆ ಕಣ್ಣು ಹೋಗುತ್ತಿತ್ತು.

ನಮ್ಮ ಮ್ಯಾನೇಜರ್ ಶೈಲೇಶ್ ಓಡಿ ಬಂದ. ಏನಾಯಿತು ಎಂದು ನೋಡಿ ನನ್ನನ್ನು ಬದಿಗೆ ಕರೆದು, "ಪೇಶಂಟ್ ಕಾ ಹೇರ್‌ಪಿನ್ ಥಾ, ಲಿಖ್ ದೋ. ಉಸ್‌ಕೋ ಪಢ್‌ನಾ ಕಹಾಂ ಆತಾ ಹೈ" ಎಂದ. ರೋಗಿಯದೇ ಹೇರ್‌ಪಿನ್ನು ಎಂದು ವರದಿಯಲ್ಲಿ ಬರೆದುಬಿಡು, ಅವಳಿಗೆ ಓದಲು ಎಲ್ಲಿ ಬರುತ್ತದೆ ಎಂದು. ಅವನು ಕೆಟ್ಟವನಲ್ಲ ಮಾಮಿ, ನನ್ನ ಹೊಟ್ಟೆ ನೋಡಿ ಹೇಳಿದ. ನಿಜ ಹೇಳುತ್ತೇನೆ, ಒಂದು ಕ್ಷಣ ಪೆನ್ನು ನಿಂತಿತು. ನನ್ನ ತಪ್ಪೆಂದು ಬರೆದರೆ ಕೆಲಸ ಹೋಗಬಹುದು. ಬಾಗಿಲಲ್ಲಿ ನಾಲ್ಕು ಭಾಷೆಯಲ್ಲಿ ಕೇಳುವ ಪ್ರೇಕ್ಷಾ ಎಂಬ ಹೆಸರೂ ಹೋಗುತ್ತದೆ.

ಆಗ ಶರಣಬಸಮ್ಮನವರು ಹಣೆಗೆ ಹತ್ತಿ ಒತ್ತಿಕೊಂಡು ನನ್ನನ್ನು ಕರೆದರು. "ಏನವಾ ಅದು? ಕಬ್ಬಣ ಅಲ್ಲಾ? ಬಸರಿಗೆ ಕಟ್ತಾರಲ್ಲ, ಅದ ಅಲ್ಲಾ? ನಮ್ಮವ್ವನೂ ನನಗ ಕಟ್ಟಿದ್ಲು ತಗೋ. ಆದ್ರ ತಂಗಿ, ನನ್ನ ಕಾಲುಂಗುರ ಸೈತ ಬಿಡಸಿದಿ. ನಿನ್ನ ನೀ ಒಮ್ಮೆರ ಕೇಳ್ಕೋಬಾರದೇನ?"

ನನಗೆ ಅಲ್ಲೇ ಅಳು ಬಂತು. ಅವರೇ ನನ್ನ ಬೆನ್ನು ಸವರಿದರು.

ವರದಿಯಲ್ಲಿ ನನ್ನ ಹೆಸರನ್ನೇ ಬರೆದೆ. ಕಬ್ಬಿಣ ನನ್ನದು, ತಪಾಸಣೆ ಮಾಡಿಕೊಳ್ಳದೆ ಒಳಗೆ ಹೋದವಳು ನಾನು, ರೋಗಿಯ ತಪ್ಪಿಲ್ಲ ಎಂದು ಸಹಿ ಹಾಕಿದೆ. ರಘುಪತಿ ಡಾಕ್ಟರು ಅದನ್ನು ಎರಡು ಸಲ ಓದಿದರು. ಆಮೇಲೆ ಕೆಲಸ ತೆಗೆಯುವುದಿಲ್ಲ, ಆದರೆ ಹೆರಿಗೆ ರಜೆಯವರೆಗೂ ಒಳಗೆ ಕಾಲಿಡಬಾರದು ಎಂದರು. "ಅಯಸ್ಕಾಂತ ನಿಮ್ಮ ಮಗೂಗೆ ಏನೂ ಮಾಡಲ್ಲಮ್ಮ. ನಿಮ್ಮ ಧೈರ್ಯ ಮಾತ್ರ ಸ್ವಲ್ಪ ಜಾಸ್ತಿಯಾಯ್ತು." ಈಗ ಬಾಗಿಲಲ್ಲಿ ಕೆಲಸದವರೂ ದಿನಾ ರೋಗಿಗಳಿಗೆ ಕೇಳುವ ಪ್ರಶ್ನೆಗಳ ಕಾಗದ ತುಂಬಿ ಸಹಿ ಹಾಕಬೇಕು. ಅದನ್ನು ಕನ್ನಡದಲ್ಲೂ ಬರೆದವಳು ನಾನೇ.

ಈಗ ನಾನು ನಿಜವಾಗಿಯೂ ಗಾಜಿನ ಈಚೆಯ ಕುರ್ಚಿಯಲ್ಲಿ ಕೂತಿದ್ದೇನೆ ಮಾಮಿ. ಶರಣಬಸಮ್ಮನವರ ತಲೆಯಲ್ಲಿ ಏನೂ ದೋಷವಿಲ್ಲ, ಕನ್ನಡಕ ಬೇಕಿತ್ತು ಅಷ್ಟೇ. ಮಗು ಒದೆಯುತ್ತಿದೆ. ಅವತ್ತೇ ಸೋನೋಗ್ರಫಿ ಮಾಡಿ ನೋಡಿದರು, ಎಲ್ಲ ಸರಿಯಾಗಿದೆ.

ಒಂದು ಪ್ರಶ್ನೆ ಉಳಿದಿದೆ. ಕಬ್ಬಿಣ ಬೇಡವೆಂದ ಸೊಸೆ ನಾನು ಮೊದಲನೆಯವಳಾಗುತ್ತಿರಲಿಲ್ಲ ಎಂದು ಬರೆದಿದ್ದೀರಿ. ಮೊದಲನೆಯವಳು ಯಾರು?

ಪ್ರೇಕ್ಷಾ


ಹಿರಿಯಡ್ಕ
15 ನವೆಂಬರ್ 2008

ಪ್ರೇಕ್ಷಾ,

ನಿಯಮವೇ ಬಿಡುತ್ತಿದ್ದಾಗ ನನಗೆ ಸುಳ್ಳು ಏಕೆ ಬರೆದೆ ಎಂದು ಎರಡು ದಿನ ನಿನ್ನನ್ನು ಬೈದೆ. ಮೂರನೆಯ ದಿನ ನನ್ನನ್ನೇ ಬೈದುಕೊಂಡೆ. ಆ ಶರಣಬಸಮ್ಮನ ಮನೆ ಗೊತ್ತಿದ್ದರೆ ಹೋಗಿ ನನ್ನ ಹೆಸರಿನಲ್ಲಿ ಕ್ಷಮೆ ಕೇಳು.

ಮೊದಲನೆಯವಳು ನಾನು.

ಇದನ್ನು ಲತೇಶನಿಗೂ ಹೇಳಿಲ್ಲ, ಜಯಶೀಲಳಿಗೂ ಹೇಳಿಲ್ಲ. ಅವಳಿಗಿಂತ ಮೊದಲು ನನಗೆ ಇನ್ನೊಂದು ಮಗು ಇತ್ತು. ಸಾವಿರದ ಒಂಬೈನೂರ ಎಪ್ಪತ್ತೊಂದು. ನನಗೆ ಇಪ್ಪತ್ತಮೂರು ವರ್ಷ, ಕೆಲಸ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ನನ್ನ ಅತ್ತೆ ನನ್ನ ಸೊಂಟಕ್ಕೆ ಕಬ್ಬಿಣದ ಚೂರು ಕಟ್ಟಿದ್ದರು. ನಾನು ಕಲಿತವಳು, ನರ್ಸು. ನಾಚಿಕೆಯಾಗಿ ಬಿಚ್ಚಿ ಪೆಟ್ಟಿಗೆಯೊಳಗೆ ಹಾಕಿದೆ.

ಆ ವರ್ಷ ಕ್ಷಯದ ತಪಾಸಣೆಗೆ ಒಂದು ವ್ಯಾನು ಊರೂರಿಗೆ ಬಂತು. ಅದರೊಳಗೆ ಎಕ್ಸ್‌ರೇ ಯಂತ್ರ. ಮಕ್ಕಳು, ಮುದುಕರು ತಟ್ಟೆಗೆ ಎದೆಯೊತ್ತಿ ನಿಲ್ಲುತ್ತಿರಲಿಲ್ಲ, ಹೆದರಿ ಓಡುತ್ತಿದ್ದರು. ಅವರನ್ನು ಅಪ್ಪಿ ಹಿಡಿದು ನಿಲ್ಲಿಸುವುದು ನನ್ನ ಕೆಲಸ. ಹದಿನೆಂಟು ದಿನ ಹಿಡಿದೆ. ಆಗ ನನಗೆ ನಾಲ್ಕು ತಿಂಗಳು.

ಏಳರಲ್ಲಿ ಹೆರಿಗೆಯಾಯಿತು. ಹೆಣ್ಣು. ತಲೆ ತುಂಬ ಕೂದಲಿತ್ತು. ಉಸಿರಿರಲಿಲ್ಲ. ನನ್ನ ಅತ್ತೆ ಬಂದು ನನ್ನ ಸೊಂಟ ಮುಟ್ಟಿ ನೋಡಿ, "ಕಬ್ಬಿಣ ಎಲ್ಲುಂಟು?" ಎಂದು ಕೇಳಿದರು. ಬೇರೆ ಒಂದು ಮಾತೂ ಆಡಲಿಲ್ಲ, ಆಮೇಲೆ ಎಂದೂ ಆಡಲಿಲ್ಲ.

ಆ ಕಿರಣ ಕೊಂದಿತೋ, ನನ್ನ ಕಲಿತ ಅಹಂಕಾರ ಕೊಂದಿತೋ ನನಗೆ ಗೊತ್ತಿಲ್ಲ. ಸಾವಿರದ ಇನ್ನೂರು ಮಕ್ಕಳನ್ನು ಹಿಡಿದೆ, ಪ್ರತಿ ಸಲವೂ ಮೊದಲ ಅಳು ಕೇಳುವವರೆಗೆ ನನಗೆ ಉಸಿರಾಡಲಾಗುತ್ತಿರಲಿಲ್ಲ. ನಿನ್ನದು ಎಕ್ಸ್‌ರೇ ಅಲ್ಲ ಎಂದು ನೀನು ಎಷ್ಟು ಸಲ ಬರೆದರೂ ನನ್ನ ಕಣ್ಣಿಗೆ ಆ ವ್ಯಾನೇ ಕಾಣುತ್ತಿತ್ತು.

ಇದನ್ನು ಓದಿ ನಗಬೇಡ.

ಸುಂದರಿ


ಕಾಮೋಠೆ
25 ನವೆಂಬರ್ 2008

ಪ್ರೀತಿಯ ಮಾಮಿ,

ನಗಲಿಲ್ಲ. ಲತೇಶ್ ಇಲ್ಲದಾಗ ಓದಿ, ಬೀರುವಿನಲ್ಲಿ ನನ್ನ ಸೀರೆಗಳ ಕೆಳಗೆ ಇಟ್ಟಿದ್ದೇನೆ. ಹೇಳುವುದು ಬಿಡುವುದು ನಿಮಗೆ ಸೇರಿದ್ದು.

ನಿಮಗೆ ಇನ್ನೊಂದು ಸಲ ಸುಲಭದ ಮಾತು ಬರೆಯುವುದಿಲ್ಲ. ಹೆಸರು ಹೇಳದೆ ರಘುಪತಿ ಡಾಕ್ಟರನ್ನು ಕೇಳಿದೆ. ಒಂದೆರಡು ಎಕ್ಸ್‌ರೇ ಆಗಿದ್ದರೆ ಅದರಿಂದಲ್ಲ ಎಂದು ಖಂಡಿತವಾಗಿ ಹೇಳಬಹುದಿತ್ತಂತೆ. ಹದಿನೆಂಟು ದಿನ, ಹಳೆಯ ಯಂತ್ರ, ಅಷ್ಟು ಹತ್ತಿರ. ಎಷ್ಟು ತಗಲಿತು ಎಂದು ಈಗ ಅಳೆಯುವ ದಾರಿಯಿಲ್ಲ. ಏಳನೆಯ ತಿಂಗಳಿನಲ್ಲಿ ಮಗು ಹೋಗುವುದಕ್ಕೆ ಬೇರೆ ಎಷ್ಟೋ ಕಾರಣಗಳಿರುತ್ತವೆ, ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಹಾಗಾಗಿ ನನ್ನ ಉತ್ತರ: ಗೊತ್ತಿಲ್ಲ. ಅಯಸ್ಕಾಂತದ ಬಗ್ಗೆ ಎಷ್ಟು ಜೋರಾಗಿ ಮಾತಾಡಿದೆನೋ ಇದನ್ನೂ ಅಷ್ಟೇ ನೇರವಾಗಿ ಬರೆಯುತ್ತಿದ್ದೇನೆ. ಕಬ್ಬಿಣ ಬಿಚ್ಚಿದ್ದರಿಂದ ಮಾತ್ರ ಅಲ್ಲ. ಅದು ಖಂಡಿತ ಅಲ್ಲ.

ಒಂದು ವಿಷಯ ಕೇಳಬೇಕು. ಎಕ್ಸ್‌ರೇ ತೆಗೆಯುವ ಕಡೆ ಸೀಸದ ಏಪ್ರನ್ ಇರುತ್ತದೆ, ಕಿರಣ ತಡೆಯುವುದಕ್ಕೆ. ರೋಗಿಯನ್ನು ಹಿಡಿಯುವವರು ಅದನ್ನು ತೊಡಬೇಕು. ನಿಮ್ಮ ವ್ಯಾನಿನಲ್ಲಿ ಅದು ಇತ್ತೇ? ಇದ್ದರೆ ಯಾರು ತೊಟ್ಟಿದ್ದರು?

ಪ್ರೇಕ್ಷಾ


ಹಿರಿಯಡ್ಕ
6 ಡಿಸೆಂಬರ್ 2008

ಪ್ರೇಕ್ಷಾ,

ಇತ್ತು. ಒಂದೇ ಇತ್ತು. ಡಾಕ್ಟರು ತೊಟ್ಟಿದ್ದರು. ತೊಟ್ಟುಕೊಂಡು ವ್ಯಾನಿನಿಂದ ಇಳಿದು, ಮರದ ಬುಡದಲ್ಲಿ ನಿಲ್ಲುತ್ತಿದ್ದರು.

ಮೂವತ್ತೇಳು ವರ್ಷ ನನ್ನ ಸೊಂಟದಲ್ಲಿ ಕಬ್ಬಿಣ ಏಕಿರಲಿಲ್ಲ ಎಂದು ಕೇಳಿಕೊಂಡೆ. ಏಪ್ರನ್ ಯಾರ ಮೈಮೇಲಿತ್ತು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ನನಗೆ ಸಿಟ್ಟು ಬರುತ್ತಿದೆ. ಈ ವಯಸ್ಸಿನಲ್ಲಿ, ಎಂದೋ ಸತ್ತುಹೋದ ಒಬ್ಬ ಮನುಷ್ಯನ ಮೇಲೆ. ಬಂದರೆ ಬರಲಿ.

ಕಣ್ಣಿನ ಪಟ್ಟಿ ಬಿಚ್ಚಿದ್ದಾರೆ. ಇಪ್ಪತ್ತನೆಯ ತಾರೀಕಿನ ಗಾಡಿಗೆ ಟಿಕೇಟು ಆಗಿದೆ. ಬಾಣಂತನ ಮುಗಿಸಿಯೇ ಹಿಂದಿರುಗುವುದು. ಕಬ್ಬಿಣ ತರುವುದಿಲ್ಲ. ನಂಬಿಕೆ ಇಲ್ಲದಿದ್ದರೆ ಬಾಗಿಲಲ್ಲಿ ನಿಲ್ಲಿಸಿ ನಾಲ್ಕು ಭಾಷೆಯಲ್ಲಿ ಕೇಳು. ಜೋರಾಗಿ ಕೇಳು, ನನಗೆ ಕಿವಿ ಕೇಳಿಸುವುದಿಲ್ಲ.

ಸುಂದರಿ


ಹಿರಿಯಡ್ಕ
19 ಏಪ್ರಿಲ್ 2009

ಚಿ. ಪ್ರೇಕ್ಷಾಳಿಗೆ,

ಕ್ಷೇಮವಾಗಿ ಬಂದು ತಲುಪಿದೆ. ಮನೆಯಲ್ಲಿ ಮೊಮ್ಮಗಳು ಮಾನ್ಯಾಳ ಅಳು ಇಲ್ಲದೆ ನನಗೆ ಊಟ ಸೇರುತ್ತಿಲ್ಲ. ಅಷ್ಟು ಗಟ್ಟಿ ದನಿಯ ಮಗುವನ್ನು ನಾನು ಕಂಡದ್ದಿಲ್ಲ. ನನ್ನ ಕಿವಿಗೂ ಕೇಳಿಸಿತು ಎಂದರೆ ನೋಡು. ಮೂರೂವರೆ ತಿಂಗಳಿನ ಸೂಜಿ ತಪ್ಪಿಸಬೇಡ. ನೀನು ಜೂನ್‌ನಲ್ಲಿ ಕೆಲಸಕ್ಕೆ ಹೋಗು, ಒಳಗೂ ಹೋಗು, ನನ್ನದೇನೂ ಅಡ್ಡಿಯಿಲ್ಲ. ಮೊದಲು ನಿನ್ನನ್ನು ನೀನು ಕೇಳಿಕೋ.

ನಿನ್ನೆ ನಡೆದದ್ದು ಹೇಳುತ್ತೇನೆ. ಜಯಶೀಲ ಅಂಗಡಿಯ ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಉಳುಕಿಸಿಕೊಂಡಳು. ಎಕ್ಸ್‌ರೇಗೆ ಕರೆದುಕೊಂಡು ಹೋದೆ. ನಮಗಿಂತ ಮುಂದೆ ಎರಡು ವರ್ಷದ ಒಂದು ಮಗು, ಕಾಲಿಗೆ ಪೆಟ್ಟು. ತಾಯಿ ಹೊರಗೆ ಅಳುತ್ತಾ ಕೂತಿದ್ದಳು. ಒಳಗೆ ಮಗುವನ್ನು ಹಿಡಿಯಲು ಬಂದ ನರ್ಸು ಹುಡುಗಿಯ ಹೊಟ್ಟೆ ನನ್ನ ಕಣ್ಣಿಗೆ ಬಿತ್ತು. ಐದು ತಿಂಗಳಿರಬೇಕು. ನಾನು ಬಾಗಿಲಲ್ಲೇ ನಿಂತು ಕೇಳಿದೆ.

"ಏಪ್ರನ್ ಎಲ್ಲುಂಟು?"

"ಅಲ್ಲುಂಟಲ್ಲ ಅಮ್ಮ, ಮೊಳೆಯಲ್ಲಿ. ಈ ಹೊಟ್ಟೆ ಇಟ್ಕೊಂಡು ಹಾಕ್ಲಿಕ್ಕೆ ಆಗುದಿಲ್ಲ. ಒಂದೇ ಫೋಟೋ, ಎಂತ ಆಗುದಿಲ್ಲ" ಎಂದಳು.

ನೀನು ಇದ್ದಿದ್ದರೆ ಅವಳಿಗೆ ವಿವರಿಸುತ್ತಿದ್ದೆ. ನನಗೆ ಅಷ್ಟು ತಾಳ್ಮೆಯಿಲ್ಲ. ಅವಳನ್ನು ತೋಳು ಹಿಡಿದು ಹೊರಗೆ ಕೂರಿಸಿದೆ. ಏಪ್ರನನ್ನು ಮೊಳೆಯಿಂದ ಇಳಿಸಿ ನಾನೇ ತೊಟ್ಟೆ. ಎಕ್ಸ್‌ರೇ ತೆಗೆಯುವವನು "ಅಜ್ಜೀ, ನೀವು ಯಾರು?" ಎಂದ. ಸ್ಟಾಫು ಎಂದೆ. ಮಗುವನ್ನು ಅಪ್ಪಿ ಹಿಡಿದೆ, ಫೋಟೋ ಆಯಿತು. ಕಾಲು ಮುರಿದಿಲ್ಲ.

ಅದು ಬಹಳ ಭಾರ, ಪ್ರೇಕ್ಷಾ. ಬಿಚ್ಚಿದ ಮೇಲೂ ಹೆಗಲು ನೋಯುತ್ತಿತ್ತು. ಅಷ್ಟು ಭಾರ ಇರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ನಿನ್ನ ಮಾಮಿ
ಸುಂದರಿ